ಕಾಗದದ ಮನೆಗೆ ಬಾಗಿಲು

“ಇನ್ನೊಂದು ಚೂರು ಎತ್ತು ತಲೇನ,” ಎಂದಳು ಹ್ವೆ ಅತ್ತೆ, ಮಾವನ ತಂಗಿ.

ನ್ಯಾನ್ ಗಂಡನ ತಲೆಯ ಕೆಳಗೆ ಕೈಕೊಟ್ಟು ಎತ್ತಿದಳು. ಅತ್ತೆ ಬಿಳಿ ಬಟ್ಟೆಯ ಪಟ್ಟಿಯನ್ನು ಅವನ ಹಣೆಗೆ ಸುತ್ತಿ ಗಂಟು ಹಾಕಿದಳು. ಅಂಥದೇ ಪಟ್ಟಿ ನ್ಯಾನ್‌ಳ ಹಣೆಗೂ ಇತ್ತು. ಅವಳದು ಗಂಡ ಹೋದದ್ದಕ್ಕೆ. ಅವನದು ಮುಂದೆಂದೋ ಸಾಯುವ ಅಪ್ಪನಿಗಾಗಿ. ಅಪ್ಪನಿಗಿಂತ ಮೊದಲು ಹೊರಟ ಮಗ ಆ ಸೂತಕದ ಪಟ್ಟಿಯನ್ನು ಈಗಲೇ ತೊಟ್ಟು ಹೋಗಬೇಕು.

“ಜೀವಮಾನದಲ್ಲಿ ಒಂದು ಕೆಲಸಾನೂ ಹೊತ್ತಿಗೆ ಸರಿಯಾಗಿ ಮಾಡ್ದೋನಲ್ಲ,” ಅತ್ತೆ ಮೂಗೊರೆಸಿಕೊಂಡಳು. “ಇದೊಂದಕ್ಕೆ ಏನು ಅವಸರವಿತ್ತೋ.”

ಒಂಬತ್ತು ದಿನದ ಜ್ವರ. ಲುವಾನ್‌ಗೆ ಮೂವತ್ತೆಂಟು. ಪೆಟ್ಟಿಗೆ ಮುಚ್ಚಿದರು. ನ್ಯಾನ್‌ಗೆ ಅಳು ಬರಲಿಲ್ಲ. ಮೊಳೆ ಎಷ್ಟು ಹೊಡೆದರೆಂದು ಮಾತ್ರ ಅವಳಿಗೆ ಗೊತ್ತಿತ್ತು.

ಹೊರಗೆ ಓಣಿಯ ತುಂಬ ಓದುಗರು. ಎಲ್ಲರ ಕೈಯಲ್ಲೂ ಲುವಾನ್ ಬರೆದ ಅದೇ ಕಾದಂಬರಿ. ಅದರಲ್ಲಿ ನಕ್ಷತ್ರಗಳ ನಡುವೆ ತೇಲುವ ಒಂದು ಹಡಗು. ಕಟ್ಟಿದವರು ಬಾಗಿಲಿಡಲು ಮರೆತಿದ್ದಾರೆ. ಹೊರಗೊಬ್ಬ ಹೆಂಗಸು ಇನ್ನೂರು ವರ್ಷದಿಂದ ಅದರ ಗೋಡೆ ತಡವುತ್ತ ಸುತ್ತುತ್ತಿದ್ದಾಳೆ.

ಪ್ರಕಾಶಕ ತಿಯೆನ್ ಹತ್ತಿರ ಬಂದ. “ಮಣ್ಣಾದ ಮೇಲೆ ಎರಡು ಮಾತು ಹೇಳು, ತಂಗಿ. ಆ ಕತೆ ಅವನಿಗೆ ಎಲ್ಲಿಂದ ಬಂತು ಅಂತ. ನಂಗೆ ಒಂದ್ಸಲ ಕನಸು ಅಂದ, ಇನ್ನೊಂದ್ಸಲ ಜಲಾಂತರ್ಗಾಮಿ ಅಂದ, ಆಮೇಲೆ ಹೊಟ್ಟೆನೋವು ಅಂದ. ನಿನಗಾದ್ರೂ ನಿಜ ಹೇಳಿರ್ತಾನೆ.”

“ಗೊತ್ತಿಲ್ಲ,” ಎಂದಳು ನ್ಯಾನ್.

ಅಂಗಳದ ಮೂಲೆಯಲ್ಲಿ ಮಾವ ಕಾನ್ ಗಿಡ್ಡ ಮಣೆಯ ಮೇಲೆ ಕೂತು ಬಿದಿರು ಸೀಳುತ್ತಿದ್ದರು. ಬೆಳಗಿನಿಂದ ಸೀಳುತ್ತಲೇ ಇದ್ದರು. ಮಾಡಿಕೊಡಬೇಕಾದ ಕೆಲಸ ಯಾವುದೂ ಇರಲಿಲ್ಲ.

*

ನ್ಯಾನ್ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದದ್ದು ಆ ಕಾದಂಬರಿಯ ಮೇಲೆ. ಕತೆ ಎಲ್ಲಿಂದ ಬಂತೆಂಬ ಅದೇ ಪ್ರಶ್ನೆ ಹಿಡಿದುಕೊಂಡು ಮೊದಲ ಸಲ ಈ ಮನೆಗೆ ಬಂದಿದ್ದಳು. ಉತ್ತರ ಸಿಕ್ಕಿದ್ದು ಮದುವೆಯಾದ ವರ್ಷ, ಸತ್ತವರ ಹಬ್ಬವಾದ ಏಳನೇ ತಿಂಗಳ ಹುಣ್ಣಿಮೆಗೆ ಮುಂಚೆ. ಅವರಿಗೆ ಸುಟ್ಟು ಕಳಿಸುವ, ಬಿದಿರಿನ ಚೌಕಟ್ಟಿನ ಕಾಗದದ ಮನೆಗಳು, ಕುದುರೆಗಳು ಮಾವನ ಅಂಗಡಿಯಲ್ಲಿ ಮಾಡಿನವರೆಗೆ ಪೇರಿಸಿದ್ದವು. ಮಾವ ಊಟಕ್ಕೆ ಎದ್ದು ಹೋಗಿದ್ದರು. ಲುವಾನ್ ಒಂದು ಸೂರಿಗೆ ಅಂಟು ಹಚ್ಚುತ್ತಿದ್ದ.

“ಅಮ್ಮ ಹೋದಾಗ ನಂಗೆ ಏಳು ವರ್ಷ. ಅಪ್ಪ ಮೂರು ದಿನ ಕೂತು ಅವಳಿಗೊಂದು ಮನೆ ಕಟ್ಟಿದ. ಎರಡು ಮಹಡಿ. ಕಿಟಕಿಗೆ ಪರದೆ, ಒಲೆ ಮೇಲೆ ಪಾತ್ರೆ. ಬಾಗಿಲು ಕೊರೆಯೋದೇ ಮರೆತಿದ್ದ. ನಾನು ನೋಡಿದ್ದು ಉರಿ ಹತ್ತಿದ ಮೇಲೆ.”

“ಹೇಳ್ಲಿಲ್ವಾ?”

“ಅಪ್ಪನ ಮುಖ ನೋಡಿದ್ರೆ ಬಾಯೇ ಬರ್ಲಿಲ್ಲ. ಆಮೇಲೆ ಎಷ್ಟೋ ದಿನ, ಅಮ್ಮ ಆ ಮನೆ ಸುತ್ತ ಓಡಾಡ್ತಾನೇ ಇದ್ದಾಳೆ ಅನ್ಕೊಂಡಿದ್ದೆ.” ಅವನು ಅಂಟಿನ ಕುಂಚವನ್ನು ಬಟ್ಟಲಿಗೆ ಹಾಕಿದ. “ಅಪ್ಪ ಇರೋ ತನಕ ಇದು ನಿನ್ನ ಬಾಯಿಂದ ಆಚೆ ಬರಬಾರ್ದು. ಊರಿಗೆಲ್ಲ ಮನೆ ಕಟ್ಟಿಕೊಟ್ಟು ಹೆಂಡ್ತಿಗೇ ಬಾಗಿಲಿಡಲಿಲ್ಲ ಅಂತ ಗೊತ್ತಾದ್ರೆ ಅಪ್ಪ ಬದುಕೋದಿಲ್ಲ.”

ಅವಳು ಮಾತು ಕೊಟ್ಟಳು.

*

“ದಾರಿ ಬಿಡಿ, ದಾರಿ!”

ನಾಲ್ವರು ಓದುಗರು ಕಾಗದದ ಹಡಗೊಂದನ್ನು ಹೊತ್ತು ಅಂಗಳಕ್ಕೆ ಬಂದರು. ಆಳುದ್ದ, ಬೆಳ್ಳಿ ಕಾಗದ, ನುಣ್ಣನೆಯ ಗೋಡೆ. ಬೇರೆ ಅಂಗಡಿಯಲ್ಲಿ ಮಾಡಿಸಿದ್ದು.

“ಮುಖಪುಟದಲ್ಲಿ ಇದ್ದ ಹಾಗೇ ಮಾಡಿಸಿದೀವಿ, ಕಾಕಾ,” ಎಂದ ತಿಯೆನ್.

ನ್ಯಾನ್ ಹೋಗಿ ಮಾವನಿಗೂ ಹಡಗಿಗೂ ನಡುವೆ ನಿಂತಳು. ಮಾವ ಎದ್ದು ಅವಳನ್ನು ಬಳಸಿಕೊಂಡು ಬಂದರು. ಅಂಗೈಯನ್ನು ಗೋಡೆಯ ಮೇಲೆ ಆಡಿಸುತ್ತ ಹಡಗಿನ ಸುತ್ತ ಒಂದು ಸುತ್ತು ನಡೆದರು.

“ಬಾಗಿಲೆಲ್ಲಿ?”

ತಿಯೆನ್ ಮೆಲ್ಲಗೆ ನಕ್ಕ. “ಬಾಗಿಲಿಟ್ಟಿದ್ರೆ ಕತೇನೇ ಇರ್ತಿರಲಿಲ್ವಲ್ಲ, ಕಾಕಾ.”

“ಅಪ್ಪಾ, ಬಿಡಿ. ಒಳಗೆ ಬನ್ನಿ,” ಎಂದಳು ನ್ಯಾನ್.

“ನಾನು ಓದಿದೀನಿ ಮಗಳೇ,” ಮಾವ ಅವಳಿಗಷ್ಟೇ ಕೇಳುವಂತೆ ಹೇಳಿದರು. “ಅಚ್ಚಾದ ವರ್ಷಾನೇ ಓದ್ದೆ. ಹತ್ತನೇ ಪುಟಕ್ಕೆ ಬಂದಾಗ ಕೈಯಿಂದ ಪುಸ್ತಕ ಬಿದ್ದೋಯ್ತು. ಅಲ್ಲೀ ತನಕ ಮರೆತಿದ್ದೆ ಅನ್ನೋದೇ ಗೊತ್ತಿರ್ಲಿಲ್ಲ ನಂಗೆ.”

“ನಿಮ್ಮ ಮಗನಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ, ಅಪ್ಪನ ತಪ್ಪು ಬರೆದುಬಿಟ್ಟೆ ಅಂತ ಕೊರಗ್ತಿದ್ದ. ಪಾಪ.”

ಅವರು ಬಿದಿರು ಸೀಳುವ ಕತ್ತಿಯಿಂದ ಗೋಡೆಯ ಮೂರು ಬದಿ ಕೊರೆದು, ಕಾಗದವನ್ನು ಹೊರಕ್ಕೆ ಮಡಿಸಿದರು.

“ಮಗನ ಹಿಂದೆ ಗೋರಿ ತನಕ ಅಪ್ಪ ಬರೋ ಹಾಗಿಲ್ಲ,” ಎಂದರು ಮಾವ. “ಗುಡ್ಡದ ಮೇಲೆ ಗಾಳಿ. ಇದು ಮುಚ್ಕೊಳುತ್ತೆ. ನೋಡ್ಕೋ.”

*

ಪೈನ್ ಮರಗಳ ಕೆಳಗೆ ಮಣ್ಣು ಹಾಕಿದ್ದು ಮುಗಿಯಿತು. “ಈಗ ಎರಡು ಮಾತು, ತಂಗಿ,” ಎಂದ ತಿಯೆನ್. ನ್ಯಾನ್ ಅವನನ್ನು ದಾಟಿ ಹಡಗಿನ ಬಳಿಗೆ ಹೋದಳು.

ಹಿಂಬದಿಗೆ ಬೆಂಕಿ ಇಟ್ಟಾಗಿತ್ತು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು, ಗೆರೆ ಕೂಡ ಕಾಣುತ್ತಿರಲಿಲ್ಲ. ಅವಳು ಕುಕ್ಕರುಗಾಲಲ್ಲಿ ಕೂತು ಗೋಡೆ ತಡವಿದಳು. ಅಂಚು ಸಿಕ್ಕಿತು. ಎರಡು ಬೆರಳಿನಿಂದ ಹೊರಕ್ಕೆ ಎಳೆದು ಹಿಡಿದಳು.

“ಕೈ ತೆಗಿಯೇ, ಸುಡುತ್ತೆ!” ಹ್ವೆ ಅತ್ತೆ ಕೂಗಿದಳು.

ಬೆಳ್ಳಿ ಕಾಗದ ಸುರುಟಿಕೊಳ್ಳುತ್ತ ಹತ್ತಿರ ಬಂತು. ಬಾಗಿಲಿನೊಳಗೆ ಕಾಗದದ ನೆಲ ಬೆಳಗಿತು. ನ್ಯಾನ್ ಬಾಗಿಲನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.