ಹೊಸ್ತಿಲಾಚೆ ಬಿಟ್ಟ ಮಾತು

ಉಜ್ಜಿನಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಲು ಮೂವರು ಗಂಡಸರು ಹೆಣಗುತ್ತಿದ್ದರು. ಬೆನ್ನಿಗೆ ದಿಂಬು ಕೊಟ್ಟರೆ ಕುತ್ತಿಗೆ ವಾಲುತ್ತಿತ್ತು, ಕುತ್ತಿಗೆ ಹಿಡಿದರೆ ಮೊಣಕಾಲು ಮಡಚುತ್ತಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಯಿಂದ ಹೊರಡುವಾಗಲೇ ಮೈ ಸೆಟೆದಿತ್ತು. ಜೀವವಿದ್ದಾಗ ಜಗುಲಿ, ಕಟ್ಟೆ, ಲಾರಿಯ ಮೂಲೆ ಎನ್ನದೆ ತೋರಿಸಿದಲ್ಲಿ ಕೂರುತ್ತಿದ್ದ ಮನುಷ್ಯ ಈಗ ಕುರುಗೋಡಿನ ತನ್ನ ಹುಟ್ಟಿದ ಮನೆಯ ಗೋಡೆಯನ್ನೇ ಒಲ್ಲೆನ್ನುತ್ತಿದ್ದ.

“ಎದಿಗೆ ವಲ್ಲಿ ಸುತ್ತಿ ಗೂಟಕ್ಕ ಕಟ್ರಿ,” ಎಂದ ಅವನ ಅಣ್ಣ ದೊಡ್ಡಬಸಪ್ಪ.

ನೆರೆಮನೆಯ ಪಾರಮ್ಮ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದಿದ್ದಳು. “ಮಲಗಿಸೇ ಮಣ್ಣು ಮಾಡಿದ್ರ ಆಗಲ್ಲೇನಪ್ಪ? ಇಂಥಾ ಸಾವಿಗೆ ಕೂಡ್ರಸೋದು ನಾ ಎಲ್ಲೂ ನೋಡಿಲ್ಲ.”

“ಎಂಥಾ ಸಾವು? ಕಾಲು ಜಾರಿ ಬಿದ್ದಾನ ನನ್ನ ತಮ್ಮ.”

“ಸುತ್ತಮುತ್ತಲ ಬಾವಿಯೆಲ್ಲ ಇಳಿದು ಹತ್ತಿದಾಂವ. ಅವಂಗ ಕಾಲು ಜಾರಿತು. ಆತು ಬಿಡು, ಜಾರಿತು.”

ವಿಭೂತಿ ಗಟ್ಟಿ ತೇಯುತ್ತಿದ್ದ ಮುದಿ ಅಯ್ಯನವರು ತಲೆ ಎತ್ತಲಿಲ್ಲ. “ಬೆಂಕಿ ಹೊಕ್ಕು, ನೀರು ಹೊಕ್ಕು ಮಂದೀನ ಹೊರಗ ತಂದ ಮೈ ಇದು. ಕೂಡ್ರಸ್ರಿ. ತಪ್ಪಾದ್ರ ನನ್ನ ಮ್ಯಾಲಿರಲಿ.”

ಕೂರಿಸಿದರು. ಹಣೆಗೆ, ತೋಳಿಗೆ, ಎದೆಗೆ, ಬೆನ್ನಿಗೆ ವಿಭೂತಿ ಬಿತ್ತು. ಗೋಡೆಗೆ ತಾಗಿದ ಬೆನ್ನಿನಿಂದ ಒಂದಿಷ್ಟು ಬೂದಿ ಸುಣ್ಣದ ಮೇಲೂ ಮೆತ್ತಿಕೊಂಡಿತು. ಹೆಂಡತಿ ಕೊಟ್ರಮ್ಮ ಎದುರಿಗೇ ಕುಳಿತಿದ್ದಳು, ಎರಡು ಹೆಣ್ಣುಮಕ್ಕಳು ಅವಳ ಮಗ್ಗುಲಿಗೆ ಅಂಟಿಕೊಂಡಿದ್ದವು. ಮುದಿ ತಾಯಿಯನ್ನು ಒಳಗಿನ ಮೂಲೆಯಲ್ಲಿ ಕೂರಿಸಿದ್ದರು. ಕೊಟ್ರಮ್ಮನ ಅಳು ಬಳ್ಳಾರಿಯಲ್ಲೇ ಮುಗಿದಿತ್ತು. ಈಗ ಅವಳಿಗೆ ಗಂಡನ ಮುಖಕ್ಕಿಂತ ಕಿಟಕಿಯಾಚೆಯ ನೋಟವೇ ಕಣ್ಣಿಗೆ ಸಿಕ್ಕಿಕೊಂಡಿತ್ತು.

ಬೀದಿಯಲ್ಲಿ ಬೆಂಕಿ ಆರಿಸುವ ಕೆಂಪು ಲಾರಿ ನಿಂತಿತ್ತು. ಹೆಣ ತಂದದ್ದು ಅದರಲ್ಲೇ. ಅದರ ಪಕ್ಕದ ದನದ ಬಾನಿಯಲ್ಲಿ ಎರ್ರಣ್ಣ ಹಗ್ಗ ತೊಳೆಯುತ್ತಿದ್ದ. ಸಿರುಗುಪ್ಪದವನು, ಉಜ್ಜಿನಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು. ಬಾವಿಗಿಳಿದು ಉಜ್ಜಿನಪ್ಪನನ್ನು ಮೇಲೆ ತಂದವನೂ ಅವನೇ. ಹಗ್ಗವನ್ನು ಮೊಳ ಮೊಳವಾಗಿ ಉಜ್ಜಿ, ಹಿಂಡಿ, ಸುರುಳಿ ಸುತ್ತಿ, ಮತ್ತೆ ಬಿಚ್ಚಿ ನೀರಿಗೆ ಅದ್ದುತ್ತಿದ್ದ.

ಲಾರಿ ಓಡಿಸುವ ಓಬಣ್ಣ ಒಳಗೆ ಬಂದು ಹೂವು ಹಾಕಿದ. ಹೋಗುವ ಮುನ್ನ ಕೊಟ್ರಮ್ಮನ ಬಳಿ ಕುಕ್ಕರುಗಾಲಲ್ಲಿ ಕುಳಿತು ದನಿ ತಗ್ಗಿಸಿದ.

“ಅಕ್ಕಾ, ಒಂದು ಮಾತು. ಅಂವ ಒಳಗ ಬರವಲ್ಲ. ಮ್ಯಾಲೆ ತಂದಾಗಿಂದ ಒಂದಕ್ಷರ ಆಡಿಲ್ಲ. ಉಂಡಿಲ್ಲ. ಬರೇ ಹಗ್ಗ ತೊಳೀತಾನ.”

“ಯಾರೂ ಏನೂ ಕೇಳ್ಲಿಲ್ಲೇನು?”

“ಏನಂತ ಕೇಳೋದ್ರಿ? ನಮ್ಮ ಮಂದ್ಯಾಗ ಹಂಗೆಲ್ಲ ಕೇಳಲ್ಲ. ಉಜ್ಜಿನಪ್ಪ ಒಮ್ಮೆ ನಿದ್ದಿ ಬರಲ್ಲಲೇ ಅಂದ. ಹೆಂಡ್ತಿ ಸರೀಗಿ ನೋಡ್ಕೊಳವಲ್ಲೇನು, ಒಂದು ಗುಟುಕು ಹಾಕ್ಕೋ, ಕೊರಡಿನ ಹಂಗ ಮಲಗ್ತಿ ಅಂದೆ. ಎಲ್ಲಾರೂ ನಕ್ರು. ಅಂವನೂ ನಕ್ಕ.” ಓಬಣ್ಣ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. “ಕಡೀ ಕಡೀಗೆ ಅಂವನೂ ಹಿಂಗಾ ಹಗ್ಗ ತೊಳೀತಿದ್ದ ಅಕ್ಕಾ. ನಾವು ನೋಡಿ ಸುಮ್ನಿದ್ವಿ. ಈಗ ಇಂವನ್ನ ನೋಡಿದ್ರ ನನಗ ಹೆದರಿಕಿ ಆಗತೈತಿ.”

ಕೊಟ್ರಮ್ಮ ಕಿಟಕಿಯಾಚೆಯ ಹಗ್ಗ ನೋಡಿದಳು. ಬಳ್ಳಾರಿಯ ಮನೆಯ ಹಿತ್ತಲಲ್ಲೂ ಒಂದು ಹಗ್ಗವಿತ್ತು, ಸೇದುವ ಹಗ್ಗ. ಹೋದ ತಿಂಗಳು ಅದನ್ನೂ ಉಜ್ಜಿನಪ್ಪ ತೊಳೆದಿದ್ದ. ಗಂಡಸಿಗೆ ಇಷ್ಟು ಮಡಿ ಎಲ್ಲಿಂದ ಬಂತು ಎಂದು ಅವಳು ನಕ್ಕಿದ್ದಳು.

*

ಮದುವೆಯಾಗಿ ಬಳ್ಳಾರಿಯ ಕೋಟೆಗುಡ್ಡದ ನೆರಳಿನ ಆ ಒಂದೂವರೆ ಅಂಕಣದ ಮನೆಗೆ ಬಂದ ಹೊಸತರಲ್ಲೇ ಕೊಟ್ರಮ್ಮನಿಗೆ ಅತ್ತೆ ಗುರುಬಸಮ್ಮ ಒಂದು ಕತೆ ಹೇಳಿದ್ದಳು. ಗುರುಬಸಮ್ಮನ ಕತೆಗೆ ಕೇಳುವವರು ಹೂಂಗುಟ್ಟಬೇಕು. ಹೂಂ ಇಲ್ಲದಿದ್ದರೆ ಕತೆಯೊಳಗಿನ ರಾಜಕುಮಾರ ಕಾಡಿನ ನಡುವೆಯೇ ನಿಂತುಬಿಡುತ್ತಾನೆ, ಅವನಿಗೆ ಮುಂದೆಯೂ ದಾರಿಯಿಲ್ಲ, ಹಿಂದೆಯೂ ದಾರಿಯಿಲ್ಲ ಎನ್ನುತ್ತಿದ್ದಳು.

“ಸತ್ತೋರಿಗೆ ಕಾಲಿಲ್ಲವಾ. ನಡದು ಬರಾಕ ಬರಲ್ಲ ಅವಕ. ಬದುಕಿದೋರ ಮಾತಿನ ಹೆಗಲೇರಿ ಬರ್ತಾವ. ನೀ ಹೊಸ್ತಿಲದಾಗ ನಿಂತು ಹಿಂಗಾತು ಹಂಗಾತು ಅಂದಿ, ತೀರಿತು, ಒಳಗ ಬಂದು ಒಲಿ ಮುಂದ ಕುಂತುಬಿಡ್ತಾವ.”

“ಹೂಂ.”

“ಅದಕ್ಕ ಸಾವು ಕಂಡ ಬಾಯಿ ಹೊರಗಾ ಮುಚ್ಚಬೇಕು. ತಲಿ ಮ್ಯಾಲೆ ನೀರು ಬೀಳಬೇಕು, ದೀಪ ನೋಡಬೇಕು. ಆಮ್ಯಾಲೆ ಮಾತು. ಅದೂ ಬ್ಯಾರೆ ಮಾತು.”

ಬೇರೆ ಮನೆಗಳಿಗೆ ಈ ನೇಮ ವರ್ಷಕ್ಕೊಮ್ಮೆ ಬೇಕಾಗುತ್ತಿತ್ತೇನೋ. ಈ ಮನೆಯ ಮಗನ ಕೆಲಸವೇ ಸಾವಿನ ಬೆನ್ನು ಹತ್ತುವುದು. ಹತ್ತಿ ಮಿಲ್ಲಿಗೆ ಬೆಂಕಿ ಎಂದರೆ ಅವನು, ಬಾದನಹಟ್ಟಿಯ ಬಾವಿಗೆ ಯಾರೋ ಹಾರಿದರು ಎಂದರೆ ಅವನು. ಬಂದವನು ಬಾಗಿಲಾಚೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಕೊಟ್ರಮ್ಮ ಬಿಂದಿಗೆ ತಂದು ಸುರಿಯುತ್ತಿದ್ದಳು. ದೀಪ ನೋಡಿ, ಉಂಡು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಒಳಗೆ ಏನೂ ಬರಲಿಲ್ಲವಲ್ಲ ಎಂದು ಅತ್ತೆ ಸೊಸೆ ಇಬ್ಬರಿಗೂ ಸಮಾಧಾನ. ಕಾಲ ಕಳೆದಂತೆ ಅತ್ತೆ ನೆನಪಿಸುವುದನ್ನೂ ಬಿಟ್ಟಳು. ಕೊಟ್ರಮ್ಮನೇ ಆ ಹೊಸ್ತಿಲಿನ ಕಾವಲಾಗಿದ್ದಳು.

ಎಪ್ಪತ್ತೇಳರ ಮಳೆಗಾಲದಲ್ಲಿ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಹೊರಟ ಹೆಣ್ಣಾಳುಗಳ ಟ್ರ್ಯಾಕ್ಟರು ಕಾಲುವೆಗೆ ಬಿತ್ತು. ಉಜ್ಜಿನಪ್ಪ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಂಡಿಯವರೆಗೆ ಕೆಸರು. ಕೊಟ್ರಮ್ಮ ಬಿಂದಿಗೆ ಎತ್ತಿದಳು.

“ನೀರು ಆಮ್ಯಾಲೆ ಹಾಕು, ಕೊಟ್ರೀ. ಒಂದು ಮಾತೈತಿ.”

“ಮಕ್ಕಳು ಉಣ್ಣಾಕ ಕುಂತಾವ. ಅಲ್ಲೇ ಬಿಟ್ಟು ಬರ್ರಿ.”

“ಒಂದಾ ಮಾತು.”

ಅವಳು ಸುರಿದಳು. ನೀರಿನೊಳಗಿಂದ ಅವನ ತುಟಿ ಅಲ್ಲಾಡಿದ್ದು ಕಂಡಿತು. ಮಾತು ಕೇಳಿಸಲಿಲ್ಲ. ಅವನು ಬಲಗೈ ಮುಂದೆ ಚಾಚಿದ. ಮುಷ್ಟಿ ಬಿಗಿಯಾಗಿ ಹಿಡಿದಿತ್ತು. ಗಾಯವಾಗಿದೆಯೇನೋ ಎಂದು ಅವಳು ಬೆರಳು ಬಿಡಿಸಿ ನೋಡಿದಳು. ಒಳಗೆ ಏನೂ ಇರಲಿಲ್ಲ. ಸಾಬೂನು ಕೇಳುತ್ತಿದ್ದಾನೆ ಎಂದುಕೊಂಡು ಅಂಗೈಯಲ್ಲಿ ಸಾಬೂನಿನ ತುಂಡು ಇಟ್ಟಳು.

ಅವನು ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ.

ಆಮೇಲಿಂದ ಅವನು ಅನ್ನ ಮುಟ್ಟಲಿಲ್ಲ. ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದ, ಅನ್ನ ಬಡಿಸಿದರೆ ತಟ್ಟೆ ಸರಿಸುತ್ತಿದ್ದ. ಸಂಬಳದವರ ಮನೆಯಲ್ಲಿ ಅನ್ನವಿದ್ದೂ ಉಣ್ಣದವನು ನೀನೊಬ್ಬನೇ ಎಂದು ತಾಯಿ ಬೈದಳು. ಯಾಕೆ ಎಂದು ಕೊಟ್ರಮ್ಮ ಒಮ್ಮೆ ಕೇಳಿದಳು. “ಗಂಟಲಾಗ ಇಳಿಯಲ್ಲ,” ಎಂದಷ್ಟೇ ಅಂದ.

*

ಹೊತ್ತು ಇಳಿಯುವಾಗ ಗಂಡಸರು ಮಣ್ಣು ಮುಗಿಸಿ ಬಂದರು. ಬಾಗಿಲಲ್ಲಿ ನೀರಿನ ಹಂಡೆ ಇಟ್ಟುಕೊಂಡು ಪಾರಮ್ಮ ಒಬ್ಬೊಬ್ಬರ ಕಾಲಿಗೂ ಚೊಂಬಿನಿಂದ ಸುರಿಯುತ್ತಿದ್ದಳು. ಅವರು ಮಾತಿಲ್ಲದೆ ಒಳಗೆ ಬಂದು, ದೀಪ ನೋಡಿ, ಮಾತಿಲ್ಲದೆ ಹೋಗುತ್ತಿದ್ದರು. ಉಜ್ಜಿನಪ್ಪ ಕುಳಿತಿದ್ದ ಜಾಗದಲ್ಲಿ ಗೋಡೆಯ ಮೇಲೆ ಬೂದಿಯ ಬೆನ್ನೊಂದು ಉಳಿದಿತ್ತು.

ಎಲ್ಲರಿಗಿಂತ ಹಿಂದೆ ಎರ್ರಣ್ಣ ಬಂದ. ಕುಣಿಗೆ ಮಣ್ಣು ಎಳೆದವನು ಅವನೇ ಇರಬೇಕು, ಮೊಣಕೈವರೆಗೆ ಕೆಂಪಾಗಿತ್ತು. ಓಬಣ್ಣ ಅವನ ತೋಳು ಹಿಡಿದು ತಂದಿದ್ದ.

“ದೀಪ ನೋಡಿ ಬಾರಲೇ. ಲಾರಿ ಬಿಡ್ತೀನಿ. ನಿನ್ನ ಸಿರುಗುಪ್ಪದ ಬಸ್ಸಿಗೆ ಹತ್ತಿಸ್ತೀನಿ. ನಾಕು ದಿನ ಮನ್ಯಾಗ ಮಲಗು.”

 ಎರ್ರಣ್ಣ ಬಾಗಿಲ ಮುಂದೆ ನಿಂತು ತಲೆ ಬಗ್ಗಿಸಿದ. ಹಾಗೆ ತಲೆ ಬಗ್ಗಿಸುವುದನ್ನು ಕೊಟ್ರಮ್ಮ ಇಷ್ಟು ವರ್ಷ ನೋಡಿದ್ದಳು. ಸಿರುಗುಪ್ಪದ ಮನೆಯಲ್ಲೂ ಒಬ್ಬ ಹೆಂಡತಿ ಬಿಂದಿಗೆ ಹಿಡಿದು ಕಾಯುತ್ತಿರುತ್ತಾಳೆ. ಬಸ್ಸಿಳಿದವನ ತಲೆಯ ಮೇಲೆ ಅವಳೂ ಸುರಿಯುತ್ತಾಳೆ.

ಪಾರಮ್ಮ ಚೊಂಬು ಬಗ್ಗಿಸುವಷ್ಟರಲ್ಲಿ ಕೊಟ್ರಮ್ಮ ಎದ್ದು ಬಂದು ಅದನ್ನು ಹಿಡಿದಳು.

“ಬ್ಯಾಡ.”

“ಏ ತಂಗಿ, ಏನ್ ಮಾಡ್ತಿ? ನೀ ಇವತ್ತು ಮೂಲಿ ಬಿಟ್ಟು ಏಳಬಾರದು.”

“ಎರ್ರಣ್ಣ, ಒಳಗ ಬಾ.”

“ಕಾಲು ಕೆಸರೈತಕ್ಕ.” ಆ ದಿನ ಅವನ ಬಾಯಿಂದ ಬಂದ ಮೊದಲ ಮಾತು ಅದು.

“ಇರಲಿ. ಕೆಸರಿನಾಗಾ ಬಾ. ಅಲ್ಲೇನ್ ನೋಡಿದಿ, ಬಂದು ನನಗ ಹೇಳು.”

 ದೊಡ್ಡಬಸಪ್ಪ ಮುಂದೆ ಬಂದು, “ಮಂದಿ ಮುಂದ ಏನಿದು, ಸುಮ್ಮನಿರವಾ. ಕಾಲು ಜಾರಿ...” ಎಂದು ತೊದಲಿದ.

“ಜಾರಿಲ್ಲ. ನಿಮಗೂ ಗೊತ್ತೈತಿ. ಒಬ್ಬನ್ನ ಹಿಂಗಾ ನೀರು ಹಾಕಿ ಹಾಕಿ ಕಳಿಸಿದೆ. ಇವನ್ನ ಕಳಸಲ್ಲ.”

ಮನೆಯೊಳಗಿನ ಕತ್ತಲ ಮೂಲೆಯಿಂದ ಗುರುಬಸಮ್ಮನ ದನಿ ಬಂತು. ಪೊರೆ ಬಂದ ಕಣ್ಣಿಗೆ ಯಾರೂ ಕಾಣುತ್ತಿರಲಿಲ್ಲ. “ಯಾರದು ಹೊಸ್ತಿಲದಾಗ ಮಾತಾಡೋದು? ಬಾಯಿ ಮುಚ್ಚಸ್ರೇ. ಬರ್ತಾವ ಒಳಗ. ಎಲ್ಲಾ ಬರ್ತಾವ.”

“ಬರ್ಲಿ ಬಿಡತ್ತಿ,” ಎಂದಳು ಕೊಟ್ರಮ್ಮ. “ಅವರ ಜೋಡಿ ನಮ್ಮೋರೂ ಬಂದಾರು.”



ಎರ್ರಣ್ಣ ಹೊಸ್ತಿಲು ದಾಟಿದ. ಸಾರಿಸಿದ ನೆಲದ ಮೇಲೆ ಒಂದೊಂದೇ ಕೆಂಪು ಹೆಜ್ಜೆ ಮೂಡುತ್ತ ಬಂದು ಬೂದಿಯ ಬೆನ್ನಿದ್ದ ಗೋಡೆಯ ಬಳಿ ನಿಂತವು. ಅವನು ಅಲ್ಲೇ ಕುಸಿದು ಕುಳಿತ. ಓಬಣ್ಣ ಬಾಗಿಲಿಂದ ಒಳಗೆ ಬಂದು, ಟೋಪಿ ತೆಗೆದು, ಅವನ ಪಕ್ಕಕ್ಕೇ ಕುಳಿತ.  ಕೊಟ್ರಮ್ಮ ಎದುರಿಗೆ ಕುಳಿತು ಕಾದಳು.

“ಬಾವಿ ಅಲ್ಲಕ್ಕ,” ಎಂದ ಎರ್ರಣ್ಣ ಕೊನೆಗೆ. “ಮೊದ್ಲು ಕಾಲುವಿ. ಕಾಲುವಿಯಿಂದ ಹೇಳಬೇಕು.”

“ಕಾಲುವಿಯಿಂದಾ ಹೇಳು.”

“ಒಂದು ಹುಡುಗಿ ಇತ್ತು. ನಿಮ್ಮ ದೊಡ್ಡಾಕಿಯಷ್ಟು. ಮ್ಯಾಲಿಂದ ನಾ ಹಗ್ಗ ಹಿಡಿದಿದ್ದೆ, ಉಜ್ಜಿನಪ್ಪಣ್ಣ ಒಳಗಿದ್ದ. ತಂದು ದಂಡ್ಯಾಗ ಮಲಗಿಸಿದ್ವಿ. ಆ ಹುಡುಗಿ ಕೈಯಾಗ ಭತ್ತದ ಸಸಿ. ಬಿಟ್ಟೇ ಇಲ್ಲ ಅಕ್ಕ. ಹಸರು ಹಂಗಾ ಐತಿ. ಅವರವ್ವ ಬರೋದ್ರಾಗ ಸಸಿ ತಗೀಬೇಕಂತ ಅಣ್ಣ ಒಂದೊಂದಾ ಬೆರಳು ಬಿಡಸಾಕ ಹತ್ತಿದ. ಬರವಲ್ದು. ಹಿಂಗ ಹಿಡಿದಿತ್ತು, ನೋಡು.”

ಅವನು ಬಲಗೈ ಮುಂದೆ ಚಾಚಿದ. ಮುಷ್ಟಿ ಬಿಗಿಯಾಗಿ ಹಿಡಿದಿತ್ತು.

ಕೊಟ್ರಮ್ಮ ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಈ ಸಲ ಬೆರಳು ಬಿಡಿಸಲಿಲ್ಲ.

ಅವನ ಮಾತು ಅಲ್ಲಿಗೆ ನಿಂತಿತು.  ಹೊರಗೆ ಪಾರಮ್ಮ ತುಂಬಿದ ಚೊಂಬನ್ನು ಹಾಗೇ ಹಿಡಿದು ನಿಂತಿದ್ದಳು. ಲಾರಿಯ ಪಕ್ಕದಲ್ಲಿ ಹಗ್ಗ ಅರ್ಧ ಬಾನಿಯೊಳಗೆ, ಅರ್ಧ ಹೊರಗೆ ಬಿದ್ದಿತ್ತು.

ಕತ್ತಲ ಮೂಲೆಯಲ್ಲಿ ಬಳೆ ಸದ್ದಾಯಿತು. ಗುರುಬಸಮ್ಮ ಗೋಡೆ ಹಿಡಿದು, ಕೂತಂತೆಯೇ ಮೆಲ್ಲಗೆ ತೆವಳುತ್ತ ಹತ್ತಿರ ಬಂದಳು. ನೆಲ ತಡವುತ್ತಿದ್ದ ಅವಳ ಕೈಗೆ ಒದ್ದೆ ಹೆಜ್ಜೆಯ ಕೆಸರು ತಾಗಿತು. ಒರೆಸಿಕೊಳ್ಳದೆ ಅದರ ಮೇಲೇ ಅಂಗೈ ಊರಿ ಕುಳಿತಳು.

“ಹೂಂ,” ಎಂದಳು.