ರಿಬ್ಬನ್ ಯಾತಕ್ಕೆ ಸಿಕ್ಕಿತು?

ಶಾಲೆಯ ಬಹುಮಾನ ದಿನಕ್ಕೆ ಬೇಕಾದ ಕೆಂಪು ರಿಬ್ಬನ್ನುಗಳನ್ನು ಪ್ರತಿ ವರ್ಷ ಹೊಲಿದುಕೊಡುವವಳು ಮೂಲೆಯಂಗಡಿಯ ದರ್ಜಿಯಮ್ಮ. ಎಲ್ಲದರ ಮಡಿಕೆ ಒಂದೇ, ಬಣ್ಣ ಒಂದೇ, ನಡುವಿನ ಮಾತೂ ಒಂದೇ: 'ಅತ್ಯುತ್ತಮ'. ಶಾಲೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ರಿಬ್ಬನ್. ಯಾವ ಮಗುವಿನ ಮುಖವೂ ಬಾಡಬಾರದು ಎಂದು ಹೆಡ್‌ಮಾಸ್ಟರು ಮಾಡಿದ ಏರ್ಪಾಡು ಅದು.

ಈ ಸಲ ಬಹುಮಾನ ದಿನ ಮುಗಿದ ಮಾರನೇ ಬೆಳಿಗ್ಗೆ, ಚಿಂದಿ ಚೀಲಕ್ಕೆ ತುಂಡು ಬಟ್ಟೆ ತುಂಬುವಾಗ ತಾನೇ ಹೊಲಿದ ರಿಬ್ಬನ್ನೊಂದು ಅವಳ ಕೈಗೆ ಸಿಕ್ಕಿತು. ಅದರ ಕೆಳಗೆ ಮಡಿಚಿ ತುರುಕಿದ ದೊಡ್ಡ ಹಾಳೆ. ಮಗಳು ಬರೆದಿದ್ದ ಶಾಲೆಯ ನಕ್ಷೆ.

"ಏ ಗುಬ್ಬಿ, ಇದ್ಯಾಕೆ ಚಿಂದಿ ಜೊತೆ?"

"ಇಟ್ಕೊಂಡು ಏನ್ಮಾಡ್ಲಮ್ಮ? ಎಲ್ಲರ ಹತ್ರಾನೂ ಇದೆ."

"ಎಲ್ಲರಿಗೂ ಕೊಟ್ಟಿದ್ದಾರೆ, ನಿನಗೂ ಕೊಟ್ಟಿದ್ದಾರೆ. ಇನ್ನೇನು, ಕಿರೀಟ ಇಡ್ಬೇಕಿತ್ತಾ ಮಹಾರಾಣಿಗೆ?"

"ನಂಗೇನೂ ಬೇಡ. ಮುಂದಿನ ತಿಂಗಳ ನಕ್ಷೆ ಸ್ಪರ್ಧೆಗೂ ಬರಲ್ಲ ಅಂತ ಟೀಚರಿಗೆ ಹೇಳ್ಬಿಡ್ತೀನಿ. ಕಣ್ಣಂದಾಜಲ್ಲಿ ಗೀಚಿದ್ರೂ ಇದೇ ಸಿಗ್ತಿತ್ತು." ಗುಬ್ಬಿ ಪುಸ್ತಕದ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟೇಬಿಟ್ಟಳು.

ದರ್ಜಿಯಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ದಿಗಿಲೂ ಇತ್ತು. ಶಾಲೆ ಅಂದರೆ ಹಾರಿಕೊಂಡು ಹೋಗುತ್ತಿದ್ದ ಹುಡುಗಿ ಇವತ್ತು ಕಾಲೆಳೆದುಕೊಂಡು ಹೋಗಿದ್ದಳು.

ಅಷ್ಟರಲ್ಲಿ ಹರಿದ ಕೈಚೀಲ ಹಿಡಿದು ನಿವೃತ್ತ ಟೀಚರ್ ಅಂಗಡಿಯ ಮೆಟ್ಟಿಲು ಹತ್ತಿದರು. ದರ್ಜಿಯಮ್ಮನಿಗೂ ಒಂದು ಕಾಲದಲ್ಲಿ ಪಾಠ ಹೇಳಿದವರು.

"ಏನೇ, ಬೆಳಿಗ್ಗೆ ಬೆಳಿಗ್ಗೆ ಮುಖ ಗಂಟಿಕ್ಕಿಕೊಂಡಿದ್ದೀಯ? ಮಿಷನ್ ಜೊತೆ ಜಗಳಾನಾ?"

"ಮಗಳ ಜೊತೆ, ಟೀಚರ್. ನೋಡಿ, ಬಹುಮಾನಾನ ಚಿಂದಿಗೆ ಹಾಕಿದ್ದಾಳೆ."

ಟೀಚರ್ ರಿಬ್ಬನ್ನನ್ನು ತಿರುಗಿಸಿ ನೋಡಿದರು. "ಏನು ಮಾಡಿದ್ದಕ್ಕೆ ಕೊಟ್ಟರು?"

"ನಕ್ಷೆಗೆ... ಇರಬೇಕು. ಎಲ್ಲರಿಗೂ ಕೊಡ್ತಾರಲ್ಲ."

"ನಕ್ಷೇಲಿ ಏನು ಚೆನ್ನಾಗಿತ್ತು ಅಂತ ಅವಳಿಗೆ ಯಾರಾದ್ರೂ ಹೇಳಿದ್ರಾ? ನೀನು ಹೇಳಿದ್ಯಾ?"

ದರ್ಜಿಯಮ್ಮ ರಿಬ್ಬನ್ನನ್ನು ಟೀಚರ ಕೈಯಿಂದ ತೆಗೆದುಕೊಂಡಳು. ರಿಬ್ಬನ್ ಹೊಲಿದವಳು ತಾನೇ. ಅದು ಮಗಳಿಗೆ ಯಾತಕ್ಕೆ ಸಿಕ್ಕಿತೆಂದು ತನಗೇ ಗೊತ್ತಿಲ್ಲ.

"ಆದ್ರೂ ಟೀಚರ್, ಎಲ್ಲರಿಗೂ ಕೊಟ್ರೆ ಯಾರಿಗೂ ನೋವಿಲ್ಲ ಅಲ್ವಾ? ನಮ್ಮ ಕಾಲದಲ್ಲಿ ಮೊದಲನೇ ರ್‍ಯಾಂಕಿನವಳು ಒಬ್ಬಳೇ ಎಲ್ಲಾ ಬಾಚ್ಕೊಂಡು ಹೋಗ್ತಿದ್ಲು. ನಾವು ಚಪ್ಪಾಳೆ ತಟ್ಟೀ ತಟ್ಟೀ ಕೈ ನೋಯಿಸ್ಕೊಂಡಿದ್ದೇ ಬಂತು."

"ಅದೂ ತಪ್ಪೇ ಕಣೇ. ಆದರೆ ನಿನ್ನ ಬೆರಳಲ್ಲಿ ಇರೋದು ರ್‍ಯಾಂಕಿಗೆ ಸಿಕ್ಕಿದ್ದಾ?"

ದರ್ಜಿಯಮ್ಮ ಬೆರಳು ನೋಡಿಕೊಂಡಳು. ಸೂಜಿ ಚುಚ್ಚದಂತೆ ಹಾಕುವ ಹಿತ್ತಾಳೆಯ ಪುಟ್ಟ ಟೋಪಿ. ಸವೆದು ಸವೆದು ಅದರ ಚುಕ್ಕಿಗಳೆಲ್ಲ ನುಣುಪಾಗಿದ್ದವು.

ಆ ಮಧ್ಯಾಹ್ನ ಹಾಗೇ ಕಣ್ಣ ಮುಂದೆ ಬಂತು. ಉದ್ದನೆಯ ಬೆಂಚು, ಕಿಟಕಿಯಿಂದ ಓರೆಯಾಗಿ ಬೀಳುತ್ತಿದ್ದ ಬಿಸಿಲು, ಬಿಸಿಲಲ್ಲಿ ತೇಲುವ ಸೀಮೆಸುಣ್ಣದ ಪುಡಿ. ಹೊಲಿಗೆಯ ತರಗತಿ. ಲೆಕ್ಕದಲ್ಲಿ ದಡ್ಡಿ, ಓದಿನಲ್ಲಿ ಸುಮಾರು, ಕೊನೆಯ ಸಾಲಿನ ಹುಡುಗಿ ಅವಳು. ಟೀಚರ್ ಅವಳ ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು ಇಡೀ ತರಗತಿಗೆ ಕೇಳುವಂತೆ ಹೇಳಿದ್ದರು: "ನೋಡಿ, ಈ ಗುಂಡಿ ಕಾಜದ ಸುತ್ತ ಹಳೇ ಸೂಜಿಯ ತೂತುಗಳಿವೆ. ಇವಳು ಬಿಚ್ಚಿ ಮತ್ತೆ ಹೊಲಿದಿದ್ದಾಳೆ. ಯಾರೂ ಬಿಚ್ಚು ಅಂತ ಹೇಳಿರಲಿಲ್ಲ." ಆಮೇಲೆ ತಮ್ಮ ಬೆರಳಿನ ಟೋಪಿಯನ್ನೇ ತೆಗೆದು ಅವಳ ಬೆರಳಿಗೆ ಹಾಕಿದ್ದರು. ದೊಡ್ಡದಾಗಿತ್ತು. ಬೆರಳು ಬೆಳೆಯುವ ತನಕ ಒಳಗೆ ಹತ್ತಿ ಇಟ್ಟುಕೊಂಡಿದ್ದಳು.

"ಜೀವನದಲ್ಲಿ ನನಗೆ ಟೋಪಿ ಹಾಕಿದವರು ಬೇಕಾದಷ್ಟು ಜನ ಇದ್ದಾರೆ, ಟೀಚರ್. ಒಳ್ಳೇದಾಗಿದ್ದು ನೀವು ಹಾಕಿದ್ದರಿಂದ ಮಾತ್ರ."

ಇಬ್ಬರೂ ನಕ್ಕರು. ನಗುತ್ತಲೇ ದರ್ಜಿಯಮ್ಮ ಕಣ್ಣೊರೆಸಿಕೊಂಡಳು.

ಸಂಜೆ ಗುಬ್ಬಿ ಬಂದಾಗ ನಕ್ಷೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಸ್ತ್ರಿಯಾಗಿ ಹರಡಿಕೊಂಡಿತ್ತು.

"ಬಾರೇ ಇಲ್ಲಿ. ಇದನ್ನ ಹೇಗೆ ಮಾಡಿದೆ ಅಂತ ನಂಗೆ ಹೇಳು."

ಗುಬ್ಬಿ ಮೊದಲು ಗೋಡೆ ನೋಡುತ್ತ ಹೇಳಿದಳು. ಆಮೇಲೆ ಮೇಜಿನ ಮೇಲೆ ಮೊಣಕೈ ಊರಿದಳು. "ಮುಂದಿನ ಗೋಡೆ, ಹಿಂದಿನ ಗೋಡೆ ಒಂದೇ ಉದ್ದ ಇರಬೇಕಮ್ಮ. ನಂಗೆ ಬೇರೆ ಬೇರೆ ಬಂತು. ಒಂದನ್ನ ನಿನ್ನ ಹಳೇ ಟೇಪಲ್ಲಿ ಅಳೆದಿದ್ದೆ, ಇನ್ನೊಂದನ್ನ ಹೊಸದರಲ್ಲಿ. ಎರಡೂ ಪಕ್ಕಪಕ್ಕ ಇಟ್ಟು ನೋಡ್ತೀನಿ, ಹಳೇದು ಜಗ್ಗಿ ಜಗ್ಗಿ ಎರಡು ಬೆರಳು ಉದ್ದ ಆಗಿದೆ! ಎಲ್ಲಾ ಅಳಿಸಿ, ಪೂರ್ತಿ ಶಾಲೇನ ಮತ್ತೆ ಅಳೆದೆ."

"ಅಯ್ಯೋ, ಗಿರಾಕೀನ ಹೊಸದರಲ್ಲಿ ಅಳೆದು ಬಟ್ಟೇನ ಹಳೇದರಲ್ಲಿ ಅಳೀತಿದ್ದೆ, ಅದಕ್ಕೇ ಹೋದ ವರ್ಷ ನಾನು ಹೊಲಿದ ಷರಟೆಲ್ಲ ದೊಗಳೆ!" ದರ್ಜಿಯಮ್ಮ ಹಣೆ ಚಚ್ಚಿಕೊಂಡಳು. "ನಾನು ಗಿರಾಕಿಗಳೇ ಸಣ್ಣ ಆಗಿದ್ದಾರೆ ಅನ್ಕೊಂಡಿದ್ದೆ."

ಮಗಳು ನಕ್ಕಳು. "ಇದನ್ನ ನಿಮ್ಮ ಟೀಚರಿಗೆ ಹೇಳಿದ್ಯಾ?" ಎಂದು ಅಮ್ಮ ಕೇಳಿದಳು.

"ಯಾರೂ ಕೇಳಲಿಲ್ಲ."

ಮರುದಿನ ದರ್ಜಿಯಮ್ಮ ನಕ್ಷೆ ಹಿಡಿದು ಹೆಡ್‌ಮಾಸ್ಟರ ಕೋಣೆಯ ಮುಂದೆ ನಿಂತಳು. ಈ ವಯಸ್ಸಿನಲ್ಲೂ ಆ ಬಾಗಿಲ ಮುಂದೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಗುಬ್ಬಿಯ ಎರಡು ಟೇಪಿನ ಕಥೆ ಹೇಳಿದಳು.

"ಒಬ್ಬರನ್ನ ಹೊಗಳಿದ್ರೆ ಹತ್ತು ಜನ ಜಗಳಕ್ಕೆ ಬರ್ತಾರಮ್ಮ," ಅಂದರು ಅವರು.

"ಮಾರ್ಕ್ಸ್ ಬಂದೋರನ್ನ ಮಾತ್ರ ಹೊಗಳಿ ಅಂತಿಲ್ಲ, ಸಾರ್. ತೊದಲ್ತಾ ಓದೋ ಮಗು ಒಂದು ಪುಟ ಸರಾಗವಾಗಿ ಓದಿದ್ರೆ ಅದನ್ನೂ ಹೇಳಿ. ಆದ್ರೆ ನಿಜವಾಗಿ ಮಾಡಿದ್ದನ್ನ, ಮಾಡಿದ ವಾರದಲ್ಲೇ, ಹೆಸರು ಹಿಡಿದು ಹೇಳಿ. ಮುಂದಿನ ಸಲದಿಂದ 'ಅತ್ಯುತ್ತಮ' ಬೇಡ. ರಿಬ್ಬನ್ ನಡುವೆ ಬಿಳಿ ಬಟ್ಟೆ ಇಟ್ಟು ಕೊಡ್ತೀನಿ. ಯಾತಕ್ಕೆ ಅಂತ ಕ್ಲಾಸ್ ಟೀಚರ್ ಬರೆಯಲಿ."

ಹೆಡ್‌ಮಾಸ್ಟರು ನಕ್ಷೆಯ ಮೇಲೆ ಅಳಿಸಿದ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಬಹುಮಾನ ದಿನ ಇದನ್ನ ಗೋಡೆ ಮೇಲೆ ಹಾಕಿಸಿದ್ದು ನಾನೇ," ಅಂದರು ಮೆಲ್ಲಗೆ. "ಹತ್ತಿರ ಹೋಗಿ ನೋಡ್ಲೇ ಇಲ್ಲ."

ಸೋಮವಾರ ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತಾಗ ಕ್ಲಾಸ್ ಟೀಚರ್ ನಕ್ಷೆಯನ್ನು ಎತ್ತಿ ಹಿಡಿದರು. "ಅಳತೆ ತಾಳೆಯಾಗದಿದ್ದಾಗ ಈ ಹುಡುಗಿ ಹೇಗೋ ಹೊಂದಿಸಿ ಬರೆದುಬಿಡಲಿಲ್ಲ. ತಪ್ಪು ಎಲ್ಲಿದೆ ಅಂತ ಹುಡುಕಿದಳು. ಎಲ್ಲವನ್ನೂ ಮತ್ತೆ ಅಳೆದಳು." ಅಷ್ಟೇ. ರಿಬ್ಬನ್ನೂ ಇರಲಿಲ್ಲ, ಪದಕವೂ ಇರಲಿಲ್ಲ.

ಆ ಸಂಜೆ ಗುಬ್ಬಿ ಓಡಿಕೊಂಡು ಅಂಗಡಿಗೆ ಬಂದು ಕೈ ಚಾಚಿದಳು.

"ಅಮ್ಮಾ, ಹೊಸ ಟೇಪು ಕೊಡು. ಸ್ಪರ್ಧೆಗೆ ಇಡೀ ಬೀದಿ ಅಳೀಬೇಕು."

"ಗಿರಾಕಿ ಬಂದ್ರೆ ನಾನೇನು ಗೇಣು ಹಾಕಿ ಅಳೀಲಾ?" ಎಂದು ಗೊಣಗುತ್ತಲೇ ಅವಳು ಕೊರಳಲ್ಲಿದ್ದ ಟೇಪನ್ನು ತೆಗೆದು ಮಗಳ ಕೊರಳಿಗೆ ಹಾಕಿದಳು.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ಮೇಷ್ಟ್ರೇ, ಇವತ್ತು ನಿಮ್ಮ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. 'ಎಷ್ಟು ಬಂತು' ಎಂದು ಕೇಳುವ ಮೊದಲು 'ಹೇಗೆ ಮಾಡಿದೆ' ಎಂದು ಕೇಳಿ. ಪೂರ್ತಿ ಕೇಳಿಸಿಕೊಳ್ಳಿ. ಮಗು ನಿಜವಾಗಿ ಕಷ್ಟಪಟ್ಟ ಜಾಗ ನಿಮಗೆ ಕಾಣುತ್ತದೆ. ಅದನ್ನೇ ಹೇಳಿ ಮೆಚ್ಚಿಕೊಳ್ಳಿ. ಶಾಲೆಯ ಸಭೆಗೆ ಹೋದಾಗ ಅಲ್ಲಿಯೂ ಕೇಳಿ: ನಮ್ಮ ಮಗುವಿಗೆ ಈ ಬಹುಮಾನ ಯಾತಕ್ಕೆ ಸಿಕ್ಕಿತು?