ಹೊರಗಿನ ಚಿಲಕ

“ಹೊಗಿ ಹೊರಗ ಬಿಡತೀ ಏನಲೇ ಸೂಳಿಮಗನ? ಟಿಕೋಟಾದ ತನಾ ಕಾಣತೈತಿ. ಇಲ್ಲಿ ಜನರೇಟರ ನಡದೈತಿ ಬರ್ರಿ ಅಂತ ಊರಿಗೆಲ್ಲಾ ಡಂಗುರಾ ಹೊಡದಂಗ ಆತು.”

ಸಾವುಕಾರ ಅರುಣಕುಮಾರ ಕಾರಿನಿಂದ ಇಳಿದವನೇ ಯಲಗೂರಪ್ಪನ ಎದೆಗೆ ಕೈಯಿಟ್ಟು ನೂಕಿದ. ಯಲಗೂರಪ್ಪ ತಡವರಿಸಿ ಗೋಡೆಗೆ ಬೆನ್ನು ಹಚ್ಚಿ ನಿಂತ. ಅವನ ಮೀಸೆಯ ಮೇಲೆಲ್ಲ ಮಸಿ ಕೂತಿತ್ತು.

“ಪೈಪಾ ಬಿರಕ ಬಿಟ್ಟೈತ್ರಿ. ಕ್ವಾಣಿ ತುಂಬ ಹೊಗಿ ತುಂಬಿ ಉಸರ ಕಟ್ಟಿದಂಗಾತು. ಅದಕ್ಕ ಬಾಗಲಾ ತಗದ್ನಿರಿ.”

“ಉಸರ ಕಟ್ಟತೈತಂತ. ಕುರಿ ಹಿಕ್ಕಿಯೊಳಗ ಮಲಗಿ ಬೆಳದ ಭಾಡ್ಯಾಗ ಈಗ ಗಾಳಿ ಬೇಕು. ಬಾಗಲಾ ಹಾಕ್ಕೊಂಡು ಕುಂಡ್ರು. ಆಗೂದಿಲ್ಲಂದರ ಗಂಟ ಕಟ್ಟಿ ಮಮದಾಪುರದ ದಾರಿ ಹಿಡಿ.”

ತಗಡಿನ ನೆರಳಿನಲ್ಲಿ ಕೂತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದ ಹೆಂಗಸರ ಕೈಗಳು ನಿಲ್ಲಲಿಲ್ಲ. ಅವರ ನಡುವೆ ಕೂತಿದ್ದ ತಾಯವ್ವ ತಲೆ ಎತ್ತಲಿಲ್ಲ. ಬೈಸಿಕೊಳ್ಳುತ್ತಿದ್ದವನು ಅವಳ ಗಂಡ. ನೋಡಿದರೆ ಅವನಿಗೆ ಇನ್ನಷ್ಟು ಅವಮಾನ ಎಂದು ಅವಳಿಗೆ ಗೊತ್ತಿತ್ತು.

ಟಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ರಸ್ತೆಯಲ್ಲಿತ್ತು ಆ ಕೋಲ್ಡ್ ಸ್ಟೋರೇಜು. ಸುಗ್ಗಿಯಲ್ಲಿ ದರ ಬಿದ್ದಾಗ ಸಾವುಕಾರ ಸುತ್ತಲಿನ ತೋಟಗಳ ಒಣದ್ರಾಕ್ಷಿ ಕೊಂಡು ಒಳಗೆ ತುಂಬಿಸುತ್ತಿದ್ದ. ದರ ಏರುವವರೆಗೆ ಅದು ತಣ್ಣಗಿರಬೇಕು. ಆದರೆ ಸರ್ಕಾರದ ಆದೇಶಗಳು ಒಂದರ ಹಿಂದೊಂದು ಬಂದವು. ಮೊದಲು ಮಾಳಿಗೆಯ ಮೇಲೆ ಸೌರ ಹಲಗೆ ಕೂಡಿಸಬೇಕೆಂದು ಬಂತು, ಕೂಡಿಸಿದ. ಆಮೇಲೆ ಹೊಗೆ ಸೋಸುವ ಯಂತ್ರವಿಲ್ಲದ ಹಳೆಯ ಜನರೇಟರು ನಡೆಸುವಂತಿಲ್ಲವೆಂದು ಬಂತು. ಈ ಬೇಸಿಗೆಯಲ್ಲಿ ಹಗಲಿನ ಕರೆಂಟು ಮೊದಲು ಹೊಲದ ಪಂಪಿಗೆ, ಉಳಿದರೆ ಕಾರ್ಖಾನೆಗೆ ಎಂದರು. ಉಳಿಯುತ್ತಿರಲಿಲ್ಲ. ಪ್ರತಿ ಆದೇಶಕ್ಕೂ ಸಾವುಕಾರ ಕಚೇರಿಯಲ್ಲಿ ಕೂತು ಮನಸಾರೆ ಬೈದ. ಬೈದು ಮುಗಿದ ಮೇಲೆ ಏನಾದರೊಂದು ದಾರಿ ಹುಡುಕಿದ.

ಈ ಸಲ ಹುಡುಕಿದ ದಾರಿ ಹಿಂದಿನ ಕೋಣೆ. ಹಳೆಯ ಜನರೇಟರನ್ನು ಅದರೊಳಗೆ ತಳ್ಳಿಸಿ, ಕಿಟಕಿಗೆ ಇಟ್ಟಂಗಿ ಕಟ್ಟಿಸಿ, ಹೊಗೆಯ ಪೈಪನ್ನು ನೆಲದೊಳಗಿನ ಗುಂಡಿಗೆ ಬಿಡಿಸಿದ್ದ. ಮೇಲಿಂದ ಮೇಲೆ ನಿಲ್ಲುವ ಯಂತ್ರವದು, ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಯಲಗೂರಪ್ಪ ಇದ್ದ.

ಅಂದು ಊಟದ ಹೊತ್ತಿಗೆ ಟಿಕೋಟಾದ ಮುಮತಾಜ ರೊಟ್ಟಿ ಮುರಿಯುತ್ತ ಮಾಳಿಗೆಯ ಕಡೆಗೆ ನೋಡಿದಳು. ಹಲಗೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು.

“ಅಲ್ಲೋ ಯಣ್ಣಾ, ಬಿಸಲ ಇಷ್ಟ ಐತಿ. ಇದರಾಗಿಂದ ಕರೆಂಟ ಯಾಕ ಬರವಲ್ದು?”

“ಲೈನಿನ್ಯಾಗ ಕರೆಂಟ ಹೋತಂದರ ಇವೂ ಬಂದ್ ಆಗಬೇಕಂತ,” ಎಂದ ಯಲಗೂರಪ್ಪ. “ಲೈನಮನ್ ಕಂಬಾ ಏರಿದ್ದರ ಇದರ ಕರೆಂಟ ಹೋಗಿ ಅವಗ ಹೊಡೀತೈತಂತ. ಕಾಯ್ದೇ ಐತಿ.”

“ಕಂಬದ ಮ್ಯಾಲಿನವಗ ಕಾಯ್ದೇ ಐತಿ. ಕ್ವಾಣ್ಯಾಗಿನವಗ?”

ಯಲಗೂರಪ್ಪ ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಹೊಗೆ ತಪಾಸಣೆಯ ಸಾಹೇಬನ ಜೀಪು ಬರುತ್ತಿದೆಯೆಂದು ಫೋನು ಬಂದ ದಿನ ಸಾವುಕಾರ ಜನರೇಟರು ನಿಲ್ಲಿಸಿದ. ಆದರೆ ಯಲಗೂರಪ್ಪನನ್ನು ಹೊರಗೆ ಬಿಡಲಿಲ್ಲ. ಮಸಿ ಮೆತ್ತಿದ ಆ ಮುಖ ಸಾಹೇಬನ ಕಣ್ಣಿಗೆ ಬೀಳಬಾರದಿತ್ತು. ಕೋಣೆಯ ಹೊಗೆ ಆರುವ ಮೊದಲೇ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿಸಿದ.

ಸಾಹೇಬ ಹಾಸಿದ ತಾಡಪತ್ರಿಯ ಮೇಲೆ ಬೂಟುಗಾಲಲ್ಲೇ ನಡೆದು ಬಂದ. ತಾಯವ್ವ ಆರಿಸಿಟ್ಟ ಗುಂಪಿನಿಂದ ಒಂದು ಹಿಡಿ ದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡ.

“ಜನರೇಟರ್ ನಡೆಸ್ತಿದ್ನಲ್ಲ, ಅವನೆಲ್ಲಿ?”

“ಈಕಿ ಗಂಡರೀ ಸಾಹೇಬ್ರ,” ಎಂದ ಸಾವುಕಾರ. “ಜನರೇಟರನ ಇಲ್ಲಂದ ಮ್ಯಾಲ ಅವಗೇನ ಕೆಲಸ ಇಲ್ಲಿ? ಊರಿಗೆ ಹೋಗ್ಯಾನ. ಹೌದಲ್ಲೇನವಾ ತಾಯವ್ವಾ?”

ಕೋಣೆಯ ಬಾಗಿಲು ಅವಳಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಒಳಗಿನಿಂದ ಸದ್ದಿರಲಿಲ್ಲ.

“ಹೌದ್ರಿ. ಮಮದಾಪುರಕ್ಕ ಹೋಗ್ಯಾನ್ರಿ.”

ಜೀಪು ಹೋದ ಮೇಲೆ ಚಿಲಕ ತೆಗೆದಾಗ ಯಲಗೂರಪ್ಪ ಅಂಬೆಗಾಲಿಟ್ಟು ಹೊರಬಂದು ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡ. ಹೊತ್ತು ಮುಳುಗುವಾಗ ತಮ್ಮ ತಗಡಿನ ಶೆಡ್ಡಿನ ಮುಂದೆ ಕೂತು ತಲೆ ಒತ್ತಿಕೊಳ್ಳುತ್ತಿದ್ದವನು ಹೆಂಡತಿಯ ಕಡೆ ತಿರುಗಿದ.

“ನಮ್ಮ ಹುಡಿಗಿ ಹೆಸರೇನ ಬೇ?”

ಚೇಷ್ಟೆ ಮಾಡುತ್ತಿದ್ದಾನೆಂದು ತಾಯವ್ವ ನಗಲು ಹೋದಳು. ಅವನ ಕಣ್ಣು ನೋಡಿ ನಗು ಅಲ್ಲೇ ಸತ್ತಿತು.

“ಆರತಿ,” ಎಂದಳು.

“ಹಾಂ. ಆರತಿ,” ಎಂದ ಅವನು, ಯಾರದೋ ಮನೆಯ ಮಗುವಿನ ಹೆಸರು ಕೇಳಿದವನಂತೆ.

ಮರುದಿನ ಅವಳು ಕಚೇರಿಯ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ.

“ಆ ಕ್ವಾಣಿಗಿ ಒಂದು ಕಿಡಕಿ ಬಿಡಸ್ರಿ ಸಾವುಕಾರ್ರ. ಅವ ಸಾಯ್ತಾನ.”

“ಕಿಡಕಿ ಬಿಟ್ಟರ ಹೊಗಿ ಕಾಣತೈತಿ. ಹೊಗಿ ಕಂಡರ ಬೀಗಾ ಜಡೀತಾರ. ಬೀಗಾ ಜಡದರ ನೀವೆಲ್ಲಾ ಏನ ಮಣ್ಣ ತಿಂತೀರಿ?” ಸಾವುಕಾರ ಮೇಜಿಗೆ ಕೈ ಅಪ್ಪಳಿಸಿದ. “ಸೌರಾ ಹಾಕಂದರು, ಹಾಕಿದ್ನಿ. ಜನರೇಟರ ಬ್ಯಾಡ ಅಂದರು. ಮತ್ತ ಕರೆಂಟರೆ ಕೊಡತಾರೇನು? ಅದೂ ಇಲ್ಲ. ನಾ ಏನ ನಿಮ್ಮ ಹೆಗಲ ಮ್ಯಾಲ ಹತ್ತಿ ಕುಂಡ್ರಲೇನು?”

“ಕುಂತೇ ಅದೀರಲ್ರಿ,” ಎಂದಳು ತಾಯವ್ವ.

ಸಾವುಕಾರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. “ನಾಲಿಗಿ ಹಿಡದ ಮಾತಾಡು, ರಂಡಿ. ನಡಿ ಹೊರಗ.”

ಬಿಸಿಲು ಏರುತ್ತ ಹೋದಂತೆ ಕರೆಂಟು ಮುಂಜಾನೆಯಿಂದಲೇ ಹೋಗತೊಡಗಿತು. ಬಬಲೇಶ್ವರದ ಕಡೆಯ ದಿಬ್ಬದ ಮೇಲೆ ಗಾಳಿಯಂತ್ರಗಳು ದಿನವಿಡೀ ತಿರುಗುತ್ತಿದ್ದವು. ಅವುಗಳ ಕರೆಂಟು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, ದೂರ ಹೋಗುತ್ತದೆ ಎನ್ನುತ್ತಿದ್ದರು.

ಸಾಹೇಬ ಮತ್ತೆ ಬಂದ ದಿನ ಜನರೇಟರು ನಿಲ್ಲಲಿಲ್ಲ. ಮಾಲು ಆಗಲೇ ಮೆತ್ತಗಾಗುತ್ತಿತ್ತು, ನಿಲ್ಲಿಸಲು ಸಾವುಕಾರ ಒಪ್ಪಲಿಲ್ಲ. ಸಾಹೇಬನೂ ಈಗ ಪರಿಚಯದವನಾಗಿದ್ದ. ಯಲಗೂರಪ್ಪನನ್ನು ಒಳಗಿಟ್ಟು ಚಿಲಕ ಮಾತ್ರ ಹಾಕಿದರು, ನೋಡುವವರ ಕಣ್ಣಿಗೆ. ಸಾಹೇಬ ಕಚೇರಿಯಲ್ಲಿ ಕೂತು ಊಟಕ್ಕೆ ಕೈ ತೊಳೆದ. ಗೋಡೆಯಾಚೆ ಯಂತ್ರ ಗುರುಗುಡುತ್ತಿತ್ತು. ಅದು ತನಗೆ ಕೇಳಿಸುತ್ತಿಲ್ಲವೆಂಬಂತೆ ಅವನು ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿ ಚೆನ್ನಾಗಿದೆ ಎಂದ.

ಹೊರಗೆ ತಾಯವ್ವ ಕಿವಿಗೊಟ್ಟು ಕೂತಿದ್ದಳು. ಮೊದಲು ಒಳಗಿನಿಂದ ಬಾಗಿಲು ಬಡಿದ ಸದ್ದು ಬಂತು. ಸಾವುಕಾರನ ಚಾಲಕ ಬಾಗಿಲ ಹತ್ತಿರ ಹೋಗಿ, “ಸುಮ್ಮನ ಕುಂಡ್ರಲೇ, ಸಾಹೇಬ್ರು ಉಣ್ಣಾಕತ್ತಾರ,” ಎಂದು ಗದರಿ ಬಂದ. ಆಮೇಲೆ ಇನ್ನೊಂದು ಸಲ ಬಡಿದ ಸದ್ದು, ಮೆಲ್ಲಗೆ. ಆಮೇಲೆ ಇಲ್ಲ.

ತಾಯವ್ವ ಎದ್ದಳು. ಚಾಲಕ ಅಡ್ಡ ಬಂದ. ಮುಮತಾಜ ಅವನ ಅಂಗಿ ಹಿಡಿದು ಎಳೆದಳು. ತಾಯವ್ವ ಚಿಲಕ ಸರಿಸಿದಾಗ ಕಪ್ಪು ಹೊಗೆ ಅಂಗಳಕ್ಕೆ ಉರುಳಿತು, ಕಚೇರಿಯ ಮುಂದೆಲ್ಲ ಹರಡಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಹೊಕ್ಕು ಗಂಡನನ್ನು ಕಂಕುಳಿಗೆ ಕೈಹಾಕಿ ದರದರ ಎಳೆದು ತಂದಳು.

ಸಾಹೇಬ ಮೂಗಿಗೆ ವಸ್ತ್ರ ಹಿಡಿದು ಹೊರಬಂದ. ನೆಲದಲ್ಲಿ ಬಿದ್ದವನನ್ನು ನೋಡಿದ. ತೆರೆದ ಬಾಗಿಲನ್ನು ನೋಡಿದ.

“ಅರುಣಕುಮಾರ್,” ಎಂದ ಜೀಪು ಹತ್ತುತ್ತ, “ನಾನು ಬಂದಾಗ ಆ ಬಾಗಿಲು ಹಾಕಿತ್ತು. ನಾನೇನೂ ನೋಡಿಲ್ಲ.”

ಸಾವುಕಾರ ಕಾರು ಕೊಡಲಿಲ್ಲ. ಮಾಲು ಒಯ್ಯಲು ಬರುತ್ತಿದ್ದ ಅಯೂಬನ ಸಾಮಾನಿನ ಆಟೋದಲ್ಲಿ ವಿಜಯಪುರದ ಆಸ್ಪತ್ರೆಗೆ ಹೊರಟರು. ತಾಯವ್ವನ ತೊಡೆಯ ಮೇಲೆ ಯಲಗೂರಪ್ಪನ ತಲೆ ಇತ್ತು. ಅಯೂಬ ಹಿಂದೆ ತಿರುಗಿ ನೋಡಿ, “ಮಾರಿ ಎಷ್ಟ ಕೆಂಪಗೈತಿ ನೋಡವಾ, ರಗತ ಓಡಾಕತ್ತೈತಿ. ಬದಕತಾನ,” ಎಂದ. ಮುಖ ನಿಜಕ್ಕೂ ಕೆಂಪಗಿತ್ತು, ಜಳಕ ಮಾಡಿಸಿ ಮಲಗಿಸಿದ ಕೂಸಿನ ಮುಖದಂತೆ. ಅದು ಹೊಗೆಯ ವಿಷದ ಕೆಂಪೆಂದು ಇಬ್ಬರಿಗೂ ಗೊತ್ತಿರಲಿಲ್ಲ. ವಿಜಯಪುರ ಮುಟ್ಟುವ ಮೊದಲೇ ಅವನ ಉಸಿರು ನಿಂತು ಕೈಬೆರಳು ಸಡಿಲಾದವು. ತಾಯವ್ವ ಅಯೂಬನಿಗೆ ಹೇಳಲಿಲ್ಲ. ಆಟೋ ಓಡುತ್ತಲೇ ಇರಲಿ ಎಂದು ಅವಳಿಗೆ ಅನ್ನಿಸಿತು.

ಮಮದಾಪುರದಲ್ಲಿ ಮಣ್ಣಾಯಿತು. ಕುಡಿಯುತ್ತಿದ್ದ, ಎದೆ ಒಡೆದು ಸತ್ತ ಎಂದು ಸಾವುಕಾರ ಸುತ್ತಲ ಊರಲ್ಲೆಲ್ಲ ಹೇಳಿಸಿದ. ತಾಯವ್ವ ಮಗಳನ್ನು ಅತ್ತೆಯ ಬಳಿ ಬಿಟ್ಟು, ಶೆಡ್ಡಿನಲ್ಲಿದ್ದ ಪಾತ್ರೆ ಕೌದಿ ತರಲೆಂದು ಬಸ್ಸು ಹತ್ತಿ ಬಂದಳು. ಕೋಣೆಯ ಮುಂದೆ ಅವಳ ಮೈದುನ ಮಲ್ಲಿನಾಥ ನಿಂತಿದ್ದ, ಕೈಯಲ್ಲಿ ಡೀಸೆಲ್ ಡಬ್ಬಿ. ಅವಳನ್ನು ಕಂಡು ನೆಲ ನೋಡಿದ.

“ನಿನ್ನ ಕರದಾನೇನು?”

“ಹೂಂ ವೈನಿ. ಮಕ್ಕಳಿಗೆ ಉಣಸಬೇಕಲ್ಲ.”

ಅವರು ಮಾತಾಡುತ್ತಿದ್ದಂತೆ ಕಂಪ್ರೆಸರಿನ ಸದ್ದು ನಿಂತಿತು. ಕರೆಂಟು ಹೋಗಿತ್ತು. ಮಲ್ಲಿನಾಥನ ಫೋನು ರಿಂಗಾಯಿತು; ಕಚೇರಿಯವರು ಆಗಲೇ ಸುದ್ದಿ ಮುಟ್ಟಿಸಿದ್ದರು. ವಿಜಯಪುರದಿಂದ ಹೊರಟಿದ್ದ ಸಾವುಕಾರನ ದನಿ ಎಲ್ಲರಿಗೂ ಕೇಳಿಸಿತು: “ನಾ ಬರೂದ್ರಾಗ ಚಾಲೂ ಆಗಿರಬೇಕಲೇ.”

ಮಲ್ಲಿನಾಥ ಕೋಣೆಯ ಕಡೆ ಹೆಜ್ಜೆ ಇಟ್ಟ. ತಾಯವ್ವ ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು.

“ಬಾಜೂ ಸರಿ ವೈನಿ. ಮಾಲ ಕೆಡತೈತಿ.”

“ಕೆಡಲಿ. ನಿಮ್ಮಣ್ಣ ಸತ್ತ, ಯಾರಿಗೇನಾತು? ಕೆಡಲಿ.”

“ನಮ್ಮನ್ನ ಸುಮ್ಮನ ಬಿಡ್ತಾನೇನ ಅವ?”

ಅವಳು ಕೂತಲ್ಲಿಂದ ಎದ್ದು, ಅವನ ಕೈಯಿಂದ ಡಬ್ಬಿ ಕಸಿದು ಡೀಸೆಲನ್ನು ಅಂಗಳದ ಮಣ್ಣಿಗೆ ಸುರಿದಳು. ನೇರ ಕೋಲ್ಡ್ ಸ್ಟೋರೇಜಿನ ದೊಡ್ಡ ಬಾಗಿಲಿಗೆ ಹೋಗಿ ಹಿಡಿಕೆಗೆ ಜೋತುಬಿದ್ದಳು. ಬಾಗಿಲು ಅಲುಗಲಿಲ್ಲ. ಮುಮತಾಜ ಆರಿಸುತ್ತಿದ್ದ ಬುಟ್ಟಿ ಬಿಟ್ಟು ಬಂದು ಕೈ ಹಚ್ಚಿದಳು. ಉಳಿದವರೂ ಬಂದರು. ಬಾಗಿಲು ನರಳುತ್ತ ತೆರೆಯಿತು. ಒಳಗಿನ ಬಿಳಿ ಮಂಜು ಅವರ ಕಾಲ ನಡುವಿನಿಂದ ಹೊರಗೆ ಹರಿದು ಬಿಸಿಲು ತಾಕಿದಲ್ಲಿ ಮಾಯವಾಯಿತು. ಹೆಂಗಸರು ಬಾಗಿಲಿನುದ್ದಕ್ಕೂ ಕೂತರು.

ಕಾರು ಬಂದು ನಿಂತಿತು. ಸಾವುಕಾರ ಇಳಿಯಲಿಲ್ಲ. ಏರಿಸಿದ ಗಾಜಿನ ಹಿಂದೆ ಅವನು ಯಾರಿಗೋ ಫೋನು ಮಾಡುತ್ತಿದ್ದ. ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಕಂಪ್ರೆಸರು ಒಮ್ಮೆಲೇ ಅಬ್ಬರಿಸಿ, ತೆರೆದ ಬಾಗಿಲಿನಿಂದ ತಂಪನ್ನು ಟಿಕೋಟಾದ ಬಯಲಿಗೆ ಸುರಿಯತೊಡಗಿತು. ಬಾಗಿಲು ಹಾಕಲು ಯಾರೂ ಏಳಲಿಲ್ಲ. ಮಲ್ಲಿನಾಥ ಅಂಗಳದ ನಡುವೆ ನಿಂತೇ ಇದ್ದ, ಕಾರಿನ ಕಡೆಗೂ ಹೋಗದೆ, ಇವರ ಕಡೆಗೂ ಬರದೆ.

ಮುಮತಾಜ ತಾಯವ್ವನ ಮೊಣಕೈ ಮುಟ್ಟಿ ರಸ್ತೆಯ ಕಡೆ ತೋರಿಸಿದಳು. ಕಾರಿನೊಳಗೆ ಸಾವುಕಾರನೂ ಫೋನು ಇಳಿಸಿ, ತಾನು ಕರೆಸಿದವರ ದಾರಿ ನೋಡುವವನಂತೆ ಅತ್ತಲೇ ತಿರುಗಿದ್ದ. ದೂರದಲ್ಲಿ ಧೂಳೆದ್ದಿತ್ತು. ಒಂದು ಗಾಡಿಯದಲ್ಲ, ಬಹಳ ಗಾಡಿಗಳದು.